ಸ್ಕ್ಯಾನ್‌ಗೆ ಬೇಕಾದ ಐಸೋಟೋಪನ್ನು ಸಂಗ್ರಹಿಸಿಡಲು ಏಕೆ ಸಾಧ್ಯವಿಲ್ಲ?

ಪ್ರಶ್ನೆ: ಐಸೋಟೋಪ್ (ಸ್ಕ್ಯಾನ್‌ಗೆ ಬಳಸುವ ವಿಕಿರಣಶೀಲ ವಸ್ತು) ಬಂದಿಲ್ಲವೆಂದು ನನ್ನ ತಾಯಿಯವರ ಮೂಳೆ ಸ್ಕ್ಯಾನನ್ನು ಒಂದು ವಾರ ಮುಂದೂಡಿದ್ದಾರೆ. ಇಷ್ಟು ಅಗತ್ಯವಾದ ವಸ್ತುವನ್ನು ಮೊದಲೇ ತರಿಸಿಟ್ಟುಕೊಳ್ಳಬಾರದೇ?

ಉತ್ತರ 1: ನಿಮ್ಮ ಆತಂಕ ಸಹಜವಾದುದು. ಸ್ಕ್ಯಾನ್‌ಗೆ ಬಳಸುವ ಟೆಕ್ನೀಷಿಯಂ-99ಎಂ ಪ್ರತಿ 6 ಗಂಟೆಗೆ ಅರ್ಧದಷ್ಟು ಕ್ಷಯಿಸುವುದರಿಂದ, ಕ್ಷಯಿಸುತ್ತಾ ಟೆಕ್ನೀಷಿಯಂ ಆಗಿ ಮಾರ್ಪಡುವ, 66 ಗಂಟೆಗಳ ಅರ್ಧಾಯುಷ್ಯವುಳ್ಳ (ಅಂದರೆ ಅಷ್ಟು ಹೊತ್ತಿಗೆ ಅರ್ಧದಷ್ಟಾಗುವ) ಮಾಲಿಬ್ಡಿನಂ-99 ಅನ್ನು ಜನರೇಟರ್ ಎಂಬ ಸಾಧನದಲ್ಲಿರಿಸಿ ಆಸ್ಪತ್ರೆಗೆ ಕಳುಹಿಸುತ್ತಾರೆ. ಅಲ್ಲಿನ ಸಿಬ್ಬಂದಿ ಅದರ ಮೂಲಕ ಲವಣದ್ರಾವಣವನ್ನು ಹಾಯಿಸಿ, ಆಯಾ ದಿನಕ್ಕೆ ಬೇಕಾದ ಟೆಕ್ನೀಷಿಯಂ ಅನ್ನು ಬೇರ್ಪಡಿಸಿಕೊಳ್ಳುತ್ತಾರೆ. ವಾರ ಕಳೆಯುವಷ್ಟರಲ್ಲಿ ಜನರೇಟರಿನ ಶಕ್ತಿ ಸುಮಾರು ಆರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ.

ಉತ್ತರ 2: ಮಾಲಿಬ್ಡಿನಂ-99 ಹೆಚ್ಚಾಗಿ ತಯಾರಾಗುವುದು ಬೆರಳೆಣಿಕೆಯ ರಿಯಾಕ್ಟರುಗಳಲ್ಲಿ, ಯುರೇನಿಯಂ-235ರ ವಿದಳನದಿಂದ (ಪರಮಾಣುಗಳನ್ನು ಒಡೆಯುವುದರಿಂದ). ಕೆನಡಾದ ಚಾಕ್ ರಿವರ್ ರಿಯಾಕ್ಟರ್ ಭಾರಜಲದ ಸೋರಿಕೆಯಿಂದಾಗಿ 2009ರ ಮೇ ತಿಂಗಳಿನಿಂದ 2010ರ ಆಗಸ್ಟ್‌ವರೆಗೆ ನಿಂತಿತ್ತು. ಆ ನಡುವೆ ನೆದರ್‌ಲೆಂಡ್ಸಿನ ಪೆಟ್ಟನ್ ರಿಯಾಕ್ಟರೂ ದುರಸ್ತಿಗಾಗಿ ಸ್ಥಗಿತಗೊಂಡಾಗ ಹಲವು ದೇಶಗಳ ರೋಗಿಗಳು ಕಾಯಬೇಕಾಯಿತು. ಇಷ್ಟು ಕಡಿಮೆ ರಿಯಾಕ್ಟರುಗಳನ್ನು ನೆಚ್ಚಿಕೊಂಡಿರುವುದು ನಿಜಕ್ಕೂ ಕಳವಳಕಾರಿ.

ಪ್ರಶ್ನೆ ಕೇಳಿದವರು: ಕೃತಜ್ಞತೆಗಳು. ಹೊಸ ಜನರೇಟರ್ ಬರುವ ದಿನವನ್ನು ವಿಚಾರಿಸಿಯೇ ದಿನಾಂಕ ಪಡೆಯುತ್ತೇನೆ.