‘ಸಾಂಸ್ಕೃತಿಕ ಸಂಪನ್ಮೂಲ’: ಹವಾಯಿಯ ತೀರ್ಪೊಂದಕ್ಕೆ ಕನ್ನಡದ ಪದಗಳು ಬೇಕು

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಹವಾಯಿ ರಾಜ್ಯದ ಸುಪ್ರೀಂ ಕೋರ್ಟು 2000ದಲ್ಲಿ ಕೊಟ್ಟ ‘ಕಾ ಪಅಕಾಯ್’ ತೀರ್ಪಿನ ಮುಖ್ಯ ಭಾಗಗಳನ್ನು ಕಾನೂನು ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಹಿನ್ನೆಲೆ ಹೀಗಿದೆ. ಹವಾಯಿ ದ್ವೀಪದ ಉತ್ತರ ಕೋನಾದ ಕಾಊಪೂಲೆಹುವಿನಲ್ಲಿ, ಸಂರಕ್ಷಿತ ವಲಯದ ಸುಮಾರು 1,000 ಎಕರೆಯನ್ನು ನಗರ ವಲಯಕ್ಕೆ ಸೇರಿಸಿಕೊಡಿ ಎಂದು ಕಂಪನಿಯೊಂದು ಅರ್ಜಿ ಹಾಕಿತು. ಭೂಬಳಕೆ ಆಯೋಗ ಒಪ್ಪಿತು. ಮೂಲನಿವಾಸಿಗಳ ಹಕ್ಕನ್ನು ಕಾಯುವ ಯೋಜನೆಯನ್ನು ಮಾತ್ರ ಕಂಪನಿಯ ಕೈಗೇ ಬಿಟ್ಟಿತು. ಕೋರ್ಟು ಇದನ್ನು ತಳ್ಳಿಹಾಕಿ, ಆ ಹೊಣೆಯನ್ನು ಬೇರೆಯವರಿಗೆ ದಾಟಿಸುವಂತಿಲ್ಲ ಎಂದಿತು. ಆ ನೆಲದಲ್ಲಿ ಬೆಲೆಯುಳ್ಳ ಸಾಂಸ್ಕೃತಿಕ, ಐತಿಹಾಸಿಕ, ನೈಸರ್ಗಿಕ ಸಂಪನ್ಮೂಲಗಳು ಯಾವುವು, ಅಲ್ಲಿ ರೂಢಿಯ ಹಕ್ಕುಗಳು ಎಷ್ಟರಮಟ್ಟಿಗೆ ಬಳಕೆಯಲ್ಲಿವೆ, ಕಂಪನಿಯ ನಿರ್ಮಾಣ ಕೆಲಸದಿಂದ ಅವಕ್ಕೆ ಏನಾಗುತ್ತದೆ, ಅವನ್ನು ಕಾಪಾಡಲು ಏನು ಮಾಡಬಹುದು ಎಂಬುದನ್ನೆಲ್ಲ ಆಯೋಗವೇ ತೀರ್ಮಾನಿಸಬೇಕು.

ನನಗೆ ಮೊದಲು ತೊಡಕಾದದ್ದು ಈ ‘ಸಂಪನ್ಮೂಲ’. ಜಲ ಸಂಪನ್ಮೂಲ, ಮಾನವ ಸಂಪನ್ಮೂಲ ಎಂದು ಕೇಳಿ ಕೇಳಿ, ಬಳಸಿಕೊಳ್ಳಲೆಂದೇ ಇಟ್ಟ ದಾಸ್ತಾನಿನ ಅರ್ಥ ಅದಕ್ಕೆ ಅಂಟಿಕೊಂಡಿದೆ. ‘ಸಾಂಸ್ಕೃತಿಕ’ ಎಂದೊಡನೆ ನಮ್ಮವರ ಕಣ್ಣಿಗೆ ಬರುವುದು ವೇದಿಕೆ, ಹಾಡು, ಕುಣಿತ. ಕಾಊಪೂಲೆಹುವಿನಲ್ಲಿ ಪ್ರಶ್ನೆ ಇದ್ದದ್ದು ಉಪ್ಪಿನದು! 1800-01ರಲ್ಲಿ ಹುಅಲಾಲಾಯ್ ಜ್ವಾಲಾಮುಖಿಯಿಂದ ಹರಿದ ಲಾವಾ ಕಡಲಂಚಿನಲ್ಲಿ ಕಲ್ಲಾಗಿ ನಿಂತಿದೆ. ಅದರ ಕುಳಿಗಳಲ್ಲಿ ನಿಂತ ಕಡಲ ನೀರು ಬಿಸಿಲಿಗೆ ಆರಿ, ಬಿಳಿಯ ಉಪ್ಪು ಕಟ್ಟುತ್ತದೆ. ಅದನ್ನು ಕೆರೆದು ತರುವುದು, ಬಂಡೆಗೆ ಕಚ್ಚಿಕೊಂಡ ‘ಓಪಿಹಿ’ ಚಿಪ್ಪನ್ನು ಬಿಡಿಸಿ ತರುವುದು ಅಲ್ಲಿಯವರ ವಾಡಿಕೆ. ಮೊಕದ್ದಮೆ ಹೂಡಿದ ಒಕ್ಕೂಟದ ‘ಕಾ ಪಅಕಾಯ್ ಓ ಕಾ ಆಯ್ನಾ’ ಎಂಬ ಹೆಸರಿಗೂ ‘ನೆಲದ ಉಪ್ಪು’ ಎಂದೇ ಅರ್ಥ. ಆ ಉಪ್ಪು ಪ್ರಕೃತಿಗೂ ಸಂಸ್ಕೃತಿಗೂ ಒಟ್ಟಿಗೇ ಸೇರಿದ್ದು. ಅದಕ್ಕೇ ‘ಸಂಪತ್ತು’ ಎಂಬುದರ ಕಡೆಗೆ ನನ್ನ ಒಲವು. ಅರಣ್ಯ ಸಂಪತ್ತು, ಮತ್ಸ್ಯ ಸಂಪತ್ತು ಎನ್ನುವ ರೂಢಿ ಇದ್ದೇ ಇದೆ. (ಆ ಕುಳಿಗಳನ್ನು ಅಂಕೋಲೆ ಕಡೆಯವರಂತೆ ‘ಆಗರ’ ಎನ್ನಲಾಗದು. ಆಗರಕ್ಕೆ ಕಟ್ಟೆ ಕಟ್ಟಿ ನೀರು ಬಿಟ್ಟುಕೊಳ್ಳಬೇಕು. ‘ಉಪ್ಪಿನ ಕುಳಿ’ ಎಂದಿಟ್ಟಿದ್ದೇನೆ.)

ಇನ್ನು ಹಕ್ಕಿನ ಮಾತು. 1978ರಲ್ಲಿ ಹವಾಯಿ ಸಂವಿಧಾನಕ್ಕೆ ಸೇರಿದ ವಿಧಿಯೊಂದು, 1778ಕ್ಕೆ ಮೊದಲೇ ಅಲ್ಲಿ ನೆಲೆಸಿದ್ದವರ ವಂಶದ ‘ಅಹುಪುಅಅ’ ನಿವಾಸಿಗಳ ರೂಢಿಯ ಹಕ್ಕುಗಳಿಗೆ ರಕ್ಷಣೆ ಕೊಡುತ್ತದೆ. ಅಹುಪುಅಅ ಎಂದರೆ ಸಾಮಾನ್ಯವಾಗಿ ಬೆಟ್ಟದಿಂದ ಕಡಲತನಕ ಹಬ್ಬಿದ ಒಂದು ನೆಲದ ಪಾಲು. ಅಲ್ಲಿನ ನಿವಾಸಿಗೆ ಇಂಗ್ಲಿಷಿನಲ್ಲಿರುವ ಪದ ‘ಟೆನೆಂಟ್’. ಅದನ್ನು ‘ಗೇಣಿದಾರ’ ಎಂದರೆ ತಪ್ಪಾಗುತ್ತದೆ, ಇಲ್ಲಿ ಗೇಣಿಯ ಮಾತಿಲ್ಲ. ‘ಒಕ್ಕಲು’ ಎಂಬುದೇ ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ. ನೆಲೆಸಿ ಬಾಳುವ ಅರ್ಥ ಅದರಲ್ಲಿದೆ. ಬೇರೆಯವರ ಒಡೆತನದ ನೆಲದಿಂದ ಮನೆಗೆ ಬೇಕಾದ್ದನ್ನು ತರುವ ಈ ಹಕ್ಕನ್ನು ಕಂಡಾಗ ನಮ್ಮ ಕುಮ್ಕಿ, ಬಾಣೆ, ಸೊಪ್ಪಿನ ಬೆಟ್ಟಗಳ (ಸಾಗುವಳಿ ಭೂಮಿಗೆ ಹೊಂದಿಕೊಂಡು ಸೊಪ್ಪು, ಸೌದೆಗೆಂದು ಬಿಟ್ಟ ನೆಲಗಳ) ‘ಸವಲತ್ತು’ ನೆನಪಾಗುತ್ತದೆ. ಆದರೆ ಸವಲತ್ತು ಸರ್ಕಾರ ಕೊಟ್ಟದ್ದು. ಹವಾಯಿಯದು ಸಂವಿಧಾನವೇ ಮಾನ್ಯ ಮಾಡಿದ್ದು. ಹಾಗಾಗಿ ‘ರೂಢಿಗತ ಹಕ್ಕು’ ಎಂದೇ ಉಳಿಸಿದ್ದೇನೆ.

‘ಪರಿಣಾಮ’ದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರಿಣಾಮ ಒಳ್ಳೆಯದೂ ಆಗಬಹುದು. ಕೋರ್ಟು ಕೇಳಿದ್ದು ಹಕ್ಕಿಗೆ ಧಕ್ಕೆ ಬರುತ್ತದೆಯೇ ಎಂದೂ ಕೂಡ. ‘ಪರಿಣಾಮ ಅಥವಾ ಧಕ್ಕೆ’ ಎಂದು ಎರಡನ್ನೂ ಬರೆದಿದ್ದೇನೆ.

ನಿಜವಾಗಿ ಉತ್ತರ ಸಿಗದಿರುವುದು ಒಂದಕ್ಕೆ. ಉಪ್ಪು ಕೆರೆಯುತ್ತೇವೆ, ಚಿಪ್ಪು ಹೆಕ್ಕುತ್ತೇವೆ, ಸೊಪ್ಪು ಕೊಯ್ಯುತ್ತೇವೆ, ಮೀನು ಹಿಡಿಯುತ್ತೇವೆ. ತೀರ್ಪು ಉಪ್ಪು, ಚಿಪ್ಪು, ಸೊಪ್ಪು ಎಲ್ಲಕ್ಕೂ ‘ಗ್ಯಾದರಿಂಗ್’ ಎಂಬ ಒಂದೇ ಪದ ಬಳಸುತ್ತದೆ. ‘ಸಂಗ್ರಹ’ ಎಂದರೆ ಕೂಡಿಡುವ ಅರ್ಥ ಬರುತ್ತದೆ, ‘ಸಂಗ್ರಹಣಾ ಹಕ್ಕು’ ಎಂದರೆ ತೆರಿಗೆ ಎತ್ತುವಂತೆ ಕೇಳುತ್ತದೆ. ಕರಾವಳಿ, ಮಲೆನಾಡಿನವರು ಮನೆಬಳಕೆಗೆ ಹೀಗೆ ತರುವುದಕ್ಕೆಲ್ಲ ಒಟ್ಟಾಗಿ ಒಂದು ಮಾತು ಬಳಸುತ್ತಾರೆಯೇ? ಊರಿನ ಹೆಸರಿನೊಂದಿಗೆ, ಸಾಧ್ಯವಾದರೆ ಒಂದು ವಾಕ್ಯದಲ್ಲಿ ಬಳಸಿ ತಿಳಿಸಿ.