ಸಹಾಯ ಬೇಕು: ಮನೆಶಿಕ್ಷಣಕ್ಕಾಗಿ ವರ್ಗಾವಣೆ ಪತ್ರ ಪಡೆಯುವುದು ಹೇಗೆ?

ನಮಸ್ಕಾರ. ಧಾರವಾಡದಲ್ಲಿರುವ ನಾವು, ಏಳನೆಯ ತರಗತಿ ಮುಗಿಸಿದ ಮಗಳಿಗೆ ಇನ್ನು ಮನೆಯಲ್ಲಿಯೇ ಕಲಿಸಿ, 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡಿಸಲು ನಿರ್ಧರಿಸಿದ್ದೇವೆ. ಹಿತ್ತಲಿನ ಕರಿಬೇವಿನ ಎಲೆಯ ಹುಳ ಚಿಟ್ಟೆಯಾಗುವವರೆಗೆ ದಿನಾಂಕ ಹಾಕಿ ಚಿತ್ರ ಬರೆದಿಡುವ ಅವಳ ಆಸಕ್ತಿ ಉಳಿಯಬೇಕೆಂಬುದೇ ನಮ್ಮ ಆಸೆ. ಆದರೆ ಮುಂದಿನ ಶಾಲೆಯ ಹೆಸರಿಲ್ಲದೆ ವರ್ಗಾವಣೆ ಪತ್ರ ಕೊಡಲಾಗದು, ಶಾಲಾ ಮಕ್ಕಳ ದಾಖಲೆ ಇಡುವ ಸರ್ಕಾರದ ಸ್ಯಾಟ್ಸ್ ತಂತ್ರಾಂಶದಲ್ಲಿ ಅವಳು ಶಾಲೆ ಬಿಟ್ಟ ಮಗುವಾಗುತ್ತಾಳೆ ಎಂದು ಶಾಲೆಯವರು ಹೇಳುತ್ತಾರೆ. ಲಿಖಿತ ಅರ್ಜಿಗೂ ಅದೇ ಉತ್ತರ. 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೆಯ ಕಲಂ, 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆನ್ನುತ್ತದೆಯೇ ಹೊರತು ಪಾಲಕರಿಗೆ ದಂಡ ವಿಧಿಸುವುದಿಲ್ಲ. ನಮ್ಮ ಗೊಂದಲ ಇರುವುದು ಇಲ್ಲಿಯೇ. ಕರ್ನಾಟಕದಲ್ಲಿ ಹೀಗೆ ಮಗುವನ್ನು ಬಿಡಿಸಿಕೊಂಡ ಪಾಲಕರು ಅರ್ಜಿಯಲ್ಲಿ ಯಾವ ಕಾರಣ ಬರೆದಿರಿ, ಅದನ್ನು ಯಾವ ಅಧಿಕಾರಿಗೆ ಕೊಟ್ಟಿರಿ?