94 ಅಂಕದ ವೈನ್ ನನಗೆ ಹಿಡಿಸಲಿಲ್ಲ. ಪತ್ರಿಕೆಯ ವಿಮರ್ಶಕರನ್ನು ಎಷ್ಟು ನಂಬಬೇಕು?

ಪ್ರಶ್ನೆ

ಆರು ವರ್ಷದಿಂದ ನಾನು ಕುಡಿದ ಪ್ರತಿ ವೈನಿನ ಬಗ್ಗೆಯೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಎಡಗಡೆ ಪುಟದಲ್ಲಿ ವೈನ್ ಪತ್ರಿಕೆಯ ವಿಮರ್ಶಕರು ಬರೆದದ್ದು, ಅವರು ನೂರಕ್ಕೆ ಕೊಟ್ಟ ಅಂಕ. ಬಲಗಡೆ ನನಗೆ ಅನ್ನಿಸಿದ್ದು. ಯಾವಾಗಲೂ ಎಡಗಡೆಯದನ್ನೇ ಮೊದಲು ತುಂಬಿಸುತ್ತಿದ್ದೆ. ಕಲಿಯುವವರು ಕಲಿತವರ ಮಾತು ಮೊದಲು ಕೇಳಬೇಕು ಅಲ್ವಾ?

ಹೋದ ತಿಂಗಳು ತಂಗಿ ಎರಡು ಬಾಟಲಿಗೆ ಕಾಗದ ಸುತ್ತಿ ತಂದಿಟ್ಟಳು. ಎರಡೂ ಕ್ಯಾಬರ್ನೆ ಸೋವಿನ್ಯೋನ್ ದ್ರಾಕ್ಷಿಯ ಕೆಂಪು ವೈನ್. ಒಂದಕ್ಕೆ ಪತ್ರಿಕೆಯಲ್ಲಿ 94, ಇನ್ನೊಂದಕ್ಕೆ 86. ಯಾವುದು ಯಾವುದು ಅಂತ ಅವಳಿಗೆ ಮಾತ್ರ ಗೊತ್ತು. ಒಂದನ್ನು ಎರಡು ಗುಟುಕು ಕುಡಿದು ಪಕ್ಕಕ್ಕಿಟ್ಟೆ. ದಪ್ಪ, ಗಂಟಲಿಗೆ ಬಿಸಿ, ಬಾಯಿ ತುಂಬ ವೈನ್ ಇಟ್ಟಿದ್ದ ಓಕ್ ಮರದ ಪೀಪಾಯಿಯ ವಾಸನೆ. ಇನ್ನೊಂದರಲ್ಲಿ ಹುಳಿ ಚುರುಕಾಗಿತ್ತು, ಒಗರು ಹದವಾಗಿತ್ತು. ಲೋಟ ಖಾಲಿಯಾದದ್ದೇ ಗೊತ್ತಾಗಲಿಲ್ಲ. ಕಾಗದ ಬಿಚ್ಚಿದರೆ, ನಾನು ಪಕ್ಕಕ್ಕಿಟ್ಟದ್ದೇ 94 ಅಂಕದ್ದು.

ಆ ರಾತ್ರಿ ನೋಟ್‌ಬುಕ್ ಪೂರ್ತಿ ತಿರುವಿ ಹಾಕಿದೆ. ಬ್ಲ್ಯಾಕ್‌ಕರಂಟ್ ಹಣ್ಣನ್ನು ನಾನು ಇದುವರೆಗೆ ಕಣ್ಣಿನಿಂದಲೂ ನೋಡಿಲ್ಲ. ಬಲಗಡೆ ಪುಟಗಳಲ್ಲಿ ಅದರ ಹೆಸರು 14 ಸಲ ಬಂದಿದೆ. ಕೈಬರಹ ನನ್ನದು, ಮಾತು ನನ್ನದಲ್ಲ. ತುಂಬಾ ಬೇಜಾರಾಯಿತು. ಇಷ್ಟು ವರ್ಷ ನಾನು ರುಚಿ ನೋಡಿದೆನೋ, ಓದಿದ್ದನ್ನೇ ಕುಡಿದೆನೋ? ಇನ್ನು ಮುಂದೆ ಈ ಅಂಕಗಳನ್ನು ಏನು ಮಾಡಲಿ?

ಉತ್ತರ 1

ಬೇಜಾರು ಮಾಡ್ಕೋಬೇಡಿ. ಇದನ್ನೇ ಓದಿಕೊಂಡವರಿಗೂ ಹೀಗೇ ಆಗಿದೆ. ಫ್ರೆಡೆರಿಕ್ ಬ್ರೋಶೆ ಎಂಬ ಸಂಶೋಧಕರು ಮತ್ತು ಅವರ ಜೊತೆಯವರು ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ತಯಾರಿಕೆ ಕಲಿಯುತ್ತಿದ್ದ 54 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. 2001ರಲ್ಲಿ ಅದು ಪ್ರಕಟವಾಯಿತು. ಬಿಳಿ ವೈನಿಗೆ ರುಚಿ, ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ವಿದ್ಯಾರ್ಥಿಗಳು ಅದರ ವಾಸನೆ ವರ್ಣಿಸಲು ಆರಿಸಿಕೊಂಡದ್ದು ಕೆಂಪು ವೈನಿಗೆ ಬಳಸುವ ಪದಗಳನ್ನು. ಬಣ್ಣ ಒಂದೇ ಮೂಗನ್ನು ಇಷ್ಟು ಎಳೆಯಬಹುದಾದರೆ, 94 ಅನ್ನುವ ಅಂಕೆ ಎಳೆಯದೆ ಇರುತ್ತದೆಯೇ? ನಿಮ್ಮ ನಾಲಿಗೆ ಸುಳ್ಳು ಹೇಳಲಿಲ್ಲ. ಅದನ್ನು ಕೇಳುವ ಮೊದಲೇ ಉತ್ತರ ಕೈಗೆ ಬಂದಿತ್ತು, ಅಷ್ಟೇ.

ಉತ್ತರ 2

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ವಿಮರ್ಶಕರನ್ನು ಪೂರ್ತಿ ಬಿಟ್ಟುಬಿಡಬೇಡಿ. ಅಂಕ ಹೇಗೆ ಬರುತ್ತದೆ ಅಂತ ತಿಳಿದುಕೊಂಡು ಓದಿ.

ಈ 100 ಅಂಕದ ಪದ್ಧತಿಯನ್ನು ಜನಪ್ರಿಯ ಮಾಡಿದವರು ಅಮೆರಿಕದ ರಾಬರ್ಟ್ ಪಾರ್ಕರ್. ವೃತ್ತಿಯಿಂದ ವಕೀಲರಾಗಿದ್ದರು. 1978ರಲ್ಲಿ ‘ವೈನ್ ಅಡ್ವೊಕೇಟ್’ ಪತ್ರಿಕೆ ಶುರು ಮಾಡಿದಾಗ ಜಾಹೀರಾತು ಬೇಡವೇ ಬೇಡ ಅಂತ ನಿರ್ಧರಿಸಿದ್ದರು. ವೈನ್ ಮಾರುವವರ ಹಂಗಿಲ್ಲದೆ, ಕೊಳ್ಳುವವರ ಪರ ನಿಂತು ಬರೆಯಬೇಕು ಅನ್ನುವುದು ಅವರ ಆಸೆ. ಅದನ್ನು ನಾನು ಇವತ್ತಿಗೂ ಗೌರವಿಸುತ್ತೇನೆ.

ಆದರೆ ಆ 100 ಹೇಗೆ ಆಗುತ್ತದೆ ನೋಡಿ. ಪ್ರತಿ ವೈನಿಗೂ ಮೊದಲೇ 50 ಸಿಕ್ಕಿರುತ್ತದೆ. ಬಣ್ಣಕ್ಕೆ 5, ಘಮಕ್ಕೆ 15, ರುಚಿಗೆ ಮತ್ತು ಅದು ಬಾಯಲ್ಲಿ ಉಳಿಯುವ ರೀತಿಗೆ 20. ಉಳಿದ 10, ಒಟ್ಟು ಗುಣ ಮತ್ತು ಮುಂದೆ ಮಾಗುವ ಶಕ್ತಿಗೆ. ಅಂದರೆ ಅಂಕದಲ್ಲಿ ಒಂದು ಪಾಲು, ವೈನ್ ಇನ್ನು ಎಷ್ಟೋ ವರ್ಷದ ಮೇಲೆ ಹೇಗಿರಬಹುದು ಅನ್ನುವುದಕ್ಕೆ. ನೀವು ಅದನ್ನು ಎಳೆಯದಾಗಿದ್ದಾಗಲೇ ತೆರೆದಿರಬಹುದು. ನಿಮ್ಮ ಆ ಬಾಟಲಿ ಯಾವ ವರ್ಷದ್ದು ಅಂತ ಒಮ್ಮೆ ನೋಡಿ.

ಇನ್ನೊಂದು ವಿಷಯ. ದೊಡ್ಡ ವಿಮರ್ಶಕರೇ ಒಬ್ಬರಿಗೊಬ್ಬರು ಒಪ್ಪುವುದಿಲ್ಲ. ಬೋರ್ಡೋದ ಶಾಟೋ ಪವಿ ಎಂಬ ತೋಟದ ವೈನ್, 2003ರ ಬೆಳೆ. ಪಾರ್ಕರ್ ಅದನ್ನು ಬಹಳ ಮೆಚ್ಚಿ ಬರೆದರು. ಇಂಗ್ಲೆಂಡಿನ ಜಾನ್ಸಿಸ್ ರಾಬಿನ್‌ಸನ್ 20ಕ್ಕೆ 12 ಕೊಟ್ಟರು. 2004ರಲ್ಲಿ ಇದೇ ದೊಡ್ಡ ಜಗಳವಾಯಿತು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಅನುಭವಿಗಳು. ಒಬ್ಬರಿಗೆ ದಟ್ಟವಾದ, ಚೆನ್ನಾಗಿ ಹಣ್ಣಾದ ದ್ರಾಕ್ಷಿಯ ವೈನ್ ಇಷ್ಟ. ಇನ್ನೊಬ್ಬರಿಗೆ ಅದೇ ಅತಿಯಾಯಿತು.

ಹಾಗಾಗಿ ಅಂಕವನ್ನಲ್ಲ, ಅದನ್ನು ಕೊಟ್ಟವರು ಯಾರು ಅಂತ ನೋಡಿ. ಪತ್ರಿಕೆಯ ಹೆಸರು ಸಾಲದು, ಅಲ್ಲಿ ಒಂದೊಂದು ಪ್ರದೇಶಕ್ಕೆ ಒಬ್ಬೊಬ್ಬರು ಬರೆಯುತ್ತಾರೆ. ನಿಮಗೂ ಅವರಿಗೂ ಪ್ರತಿ ಸಲವೂ ಒಂದೇ ರೀತಿ ಭಿನ್ನಾಭಿಪ್ರಾಯ ಬಂದರೂ ಪರವಾಗಿಲ್ಲ. ನನಗೆ ಅಂಥ ಒಬ್ಬ ವಿಮರ್ಶಕರಿದ್ದಾರೆ. ಅವರು ‘ತೆಳು’ ಅಂತ ಬೈದದ್ದನ್ನೆಲ್ಲ ನಾನು ಹುಡುಕಿಕೊಂಡು ಹೋಗುತ್ತೇನೆ. ಹತ್ತರಲ್ಲಿ ಏಳೆಂಟು ನನಗೆ ಇಷ್ಟವಾಗುತ್ತವೆ.

ಉತ್ತರ 3

ಒಂದು ವೈನ್ ಸ್ಪರ್ಧೆಯಲ್ಲಿ ಎರಡು ದಿನ ಲೋಟಗಳಿಗೆ ಸುರಿಯುವ ಕೆಲಸ ಮಾಡಿದ್ದೆ. ತೀರ್ಪುಗಾರರು ಬೆಳಿಗ್ಗೆಯಿಂದ ಸಾಲು ಸಾಲಾಗಿ ರುಚಿ ನೋಡಿ ಉಗುಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೆಲು ದನಿಯ ವೈನ್‌ಗಳು ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ದಪ್ಪದ್ದು, ಓಕ್ ಜಾಸ್ತಿ ಇದ್ದದ್ದು ಮಾತ್ರ ತಲೆ ಎತ್ತಿಸುತ್ತಿತ್ತು. ನೀವು ಒಂದು ಲೋಟವನ್ನು ಒಂದು ಗಂಟೆ ಕುಡಿಯುತ್ತೀರಿ. ಅದೂ ಇದೂ ಒಂದೇ ಕೆಲಸ ಅಲ್ಲ.

ರಾಬರ್ಟ್ ಹಾಡ್ಜ್‌ಸನ್ ಎಂಬುವರು ಕ್ಯಾಲಿಫೋರ್ನಿಯಾದ ಸ್ಟೇಟ್ ಫೇರ್ ಸ್ಪರ್ಧೆಯಲ್ಲಿ ತೀರ್ಪುಗಾರರ ಅಂಕ ಎಷ್ಟು ಸ್ಥಿರ ಅಂತ ಅಳೆದು ನೋಡಿದರು, 2008ರಲ್ಲಿ ಬರೆದರು. ಒಂದೇ ಬಾಟಲಿಯ ವೈನನ್ನು ಅದೇ ತೀರ್ಪುಗಾರರಿಗೆ, ಗೊತ್ತಾಗದ ಹಾಗೆ, ಮೂರು ಸಲ ಕೊಟ್ಟರು. ಮೂರು ಸಲವೂ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಸುಮಾರು ಶೇ. 10 ಮಾತ್ರ. ಉಳಿದವರದು ಸಾಮಾನ್ಯವಾಗಿ ನಾಲ್ಕು ಅಂಕ ಆಚೆ ಈಚೆ. ಇವರು ಸ್ಪರ್ಧೆಯವರು, ಪತ್ರಿಕೆಯವರಲ್ಲ, ನಿಜ. ಆದರೂ ಅದನ್ನು ಓದಿದ ಮೇಲೆ 89ಕ್ಕೂ 91ಕ್ಕೂ ವ್ಯತ್ಯಾಸ ಇದೆ ಅಂತ ನಾನು ನಂಬುವುದನ್ನು ಬಿಟ್ಟೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸಾರೆ ಧನ್ಯವಾದ. 94ರ ಬಾಟಲಿ ನೋಡಿದೆ, ಮೂರೇ ವರ್ಷದ್ದು. ‘ಹತ್ತು ವರ್ಷ ಇಡಿ’ ಅಂತ ಟಿಪ್ಪಣಿಯ ಕೊನೆಯ ಸಾಲಿನಲ್ಲೇ ಇತ್ತು. ನಾನು ಅಂಕ ನೋಡಿ ಅಲ್ಲಿಗೇ ನಿಲ್ಲಿಸಿದ್ದೆ.

ಈಗ ಎಡಗಡೆ ಪುಟಕ್ಕೆ ಒಂದು ರಟ್ಟು ಕ್ಲಿಪ್ ಮಾಡಿ ಮುಚ್ಚಿದ್ದೇನೆ. ಬಲಗಡೆ ಬರೆದು ಮುಗಿಯುವ ತನಕ ತೆಗೆಯುವುದಿಲ್ಲ. ನಿನ್ನೆ ಹಾಗೇ ಬರೆದೆ. ಮೊದಲ ಹತ್ತು ನಿಮಿಷ ಒಂದು ಪದವೂ ಹೊಳೆಯಲಿಲ್ಲ. ಕೊನೆಗೆ ‘ಆಗಷ್ಟೇ ಚೂಪು ಮಾಡಿದ ಪೆನ್ಸಿಲ್’ ಅಂತ ಬರೆದೆ. ಶಾಲೆಯ ಡಬ್ಬಿ ತೆರೆದರೆ ಬರುತ್ತಿತ್ತಲ್ಲ, ಆ ವಾಸನೆ. ಆಮೇಲೆ ರಟ್ಟು ತೆಗೆದು ಓದಿದೆ. ವಿಮರ್ಶಕರು ‘ಸೀಡರ್ ಮರ’ ಅಂತ ಬರೆದಿದ್ದರು. ಪೆನ್ಸಿಲ್ ಮಾಡಲು ಬಳಸುವ ಮರಗಳಲ್ಲಿ ಸೀಡರ್ ಕೂಡ ಒಂದು ಅಂತ ತಂಗಿ ಹೇಳಿದಳು. ಆ ಪದ ನನ್ನ ಬಲಗಡೆ ಪುಟಗಳಲ್ಲಿ ಹಿಂದೆಯೂ ಒಂಬತ್ತು ಸಲ ಇತ್ತು. ಅದು ಹೇಗಿರುತ್ತದೆ ಅಂತ ಗೊತ್ತಾದದ್ದು ನಿನ್ನೆ.